ಚರ್ಮದ ಚೀಟಿ ಕಣ್ಣಿನ ಡಾಕ್ಟರಿಗೂ ಕಾಣಲಿ

ಸೋರಿಯಾಸಿಸ್ ಎಂದೊಡನೆ ನೆನಪಾಗುವುದು ಮೊಣಕೈ, ಮೊಣಕಾಲು, ನೆತ್ತಿ; ಕೆಂಪಗೆ ದಪ್ಪಗಾದ ಚರ್ಮ, ಅದರ ಮೇಲಿಂದ ಬೆಳ್ಳಗೆ ಉದುರುವ ಹೊಟ್ಟು. ಕಣ್ಣಿಗೂ ಇದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಅವರನ್ನು ತಪ್ಪುಗಾರರನ್ನಾಗಿ ಮಾಡಬೇಕಿಲ್ಲ. ನಮ್ಮ ದವಾಖಾನೆಗಳು ಇರುವ ರೀತಿಯೇ ಆ ಪ್ರಶ್ನೆಯನ್ನು ಹುಟ್ಟಿಸುತ್ತದೆ. ಕೊಲ್ಹಾಪುರದ ಸಿಪಿಆರ್ ಆಸ್ಪತ್ರೆಯಂಥ ದೊಡ್ಡ ಕಡೆ ಚರ್ಮಕ್ಕೊಂದು ವಿಭಾಗ, ಕಣ್ಣಿಗೊಂದು ವಿಭಾಗ. ಇಚಲಕರಂಜಿ, ಗಡಹಿಂಗ್ಲಜದಂಥ ಊರುಗಳಲ್ಲಿ ಚರ್ಮದ ಡಾಕ್ಟರು ಒಂದು ಓಣಿಯಲ್ಲಿ, ಕಣ್ಣಿನ ಡಾಕ್ಟರು ಇನ್ನೊಂದು ಓಣಿಯಲ್ಲಿ. ಒಬ್ಬರು ಬರೆದ ಚೀಟಿಯನ್ನು ಮತ್ತೊಬ್ಬರು ನೋಡುವ ಪ್ರಸಂಗವೇ ಬರುವುದಿಲ್ಲ. ನಾನು ಹೇಳಹೊರಟದ್ದು ಇಷ್ಟು: ಸೋರಿಯಾಸಿಸ್ ಇದ್ದವರ ಕಣ್ಣು ಕೆಂಪಾಗಿ ನೋಯತೊಡಗಿದರೆ ಈ ಎರಡೂ ಚೀಟಿಗಳು ಒಂದೇ ಮೇಜಿನ ಮೇಲೆ ಬರಬೇಕು, ಹಾಗೆ ಬರುವವರೆಗೆ ಮೆಡಿಕಲ್ ಅಂಗಡಿಯವರು ಅಂದಾಜಿನ ಮೇಲೆ ಕೊಟ್ಟ ಡ್ರಾಪ್ಸ್ ಕಣ್ಣಿಗೆ ಬೀಳಬಾರದು. ಸಣ್ಣ ಮಾತು. ಆದರೆ ಇದಕ್ಕೆ ಎದುರು ಹೇಳುವುದಕ್ಕೂ ಬಹಳವಿದೆ, ಅದನ್ನೆಲ್ಲ ಕೇಳಿಸಿಕೊಳ್ಳದೆ ಉಪದೇಶ ಮಾಡಿದರೆ ಪ್ರಯೋಜನವಿಲ್ಲ.

ಮೊದಲು ಕಾಯಿಲೆಯ ಸ್ವಭಾವ ನೋಡೋಣ. ಸೋರಿಯಾಸಿಸ್ ಅಂಟುವುದಿಲ್ಲ, ಕೊಳೆಯಿಂದ ಬರುವುದಿಲ್ಲ, ರಕ್ತ ಕೆಟ್ಟು ಬರುವುದೂ ಅಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ತನ್ನ ದೇಹದ ಮೇಲೆಯೇ ಕೈಮಾಡುವುದರಿಂದ ಬರುವ ಕಾಯಿಲೆ ಇದು. ಆರೋಗ್ಯವಂತ ಚರ್ಮದಲ್ಲಿ ಒಂದು ಜೀವಕೋಶ ಕೆಳಪದರದಲ್ಲಿ ಹುಟ್ಟಿ, ಮೇಲಕ್ಕೆ ಬಂದು, ಉದುರಿಹೋಗಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಸೋರಿಯಾಸಿಸ್‌ನಲ್ಲಿ ಅಷ್ಟೂ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಬಲಿಯದ ಕೋಶಗಳು ಒಂದರ ಮೇಲೊಂದು ಒಟ್ಟಿಕೊಂಡು ಹೊಟ್ಟಾಗುತ್ತವೆ. ಈ ಅವಸರಕ್ಕೆ ಕಾರಣವಾದ ಟಿಎನ್‌ಎಫ್, ಇಂಟರ್‌ಲ್ಯೂಕಿನ್-17, ಇಂಟರ್‌ಲ್ಯೂಕಿನ್-23 ಮುಂತಾದ ಉರಿಯೂತದ ರಾಸಾಯನಿಕಗಳಿಗೆ ಚರ್ಮವೊಂದೇ ಮನೆಯಲ್ಲ. ಸೋರಿಯಾಸಿಸ್ ಇದ್ದವರಲ್ಲಿ ನೂರಕ್ಕೆ ಮೂವತ್ತರವರೆಗಿನ ಮಂದಿಗೆ ಮುಂದೆ ಕೀಲುಗಳೂ ಊದಿಕೊಳ್ಳುತ್ತವೆ. ಹೆಚ್ಚಿನವರಲ್ಲಿ ಚರ್ಮ ಮೊದಲು, ಕೀಲು ಆಮೇಲೆ. ಉಗುರಿನ ಮೇಲೆ ಸೂಜಿಮೊನೆಯಿಂದ ಚುಚ್ಚಿದಂಥ ಸಣ್ಣ ಗುಳಿಗಳು ಬೀಳುತ್ತವೆ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳೆಲ್ಲ ಸೇರಿ ಸೋರಿಯಾಸಿಸ್ ಕುರಿತೇ ಒಂದು ಠರಾವು ಪಾಸು ಮಾಡಿದವು. 2016ರಲ್ಲಿ ಸಂಸ್ಥೆ ಜಾಗತಿಕ ವರದಿಯನ್ನೂ ಪ್ರಕಟಿಸಿತು. ಇದು ಬರೀ ತೊಗಲಿನ ತೊಂದರೆಯಲ್ಲ ಎಂಬುದು ಇಂದು ವೈದ್ಯರೊಳಗೆ ವಿವಾದದ ವಿಷಯವೇ ಅಲ್ಲ.

ಈ ತಿಳಿವಳಿಕೆ ಓಪಿಡಿಯ ಸಾಲಿನವರೆಗೆ ಇನ್ನೂ ಬಂದು ಮುಟ್ಟಿಲ್ಲ ಎಂಬುದಕ್ಕೆ ಹಳೆಯ ಒಂದು ಕಾರಣವಿದೆ. ಶತಮಾನಗಳ ಕಾಲ ಸೋರಿಯಾಸಿಸನ್ನು ಕುಷ್ಠರೋಗದ ಜೊತೆಗೆ ಕಲಸಿಬಿಟ್ಟಿದ್ದರು. 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ರಾಬರ್ಟ್ ವಿಲನ್ ಅದರ ಲಕ್ಷಣಗಳನ್ನು ಸ್ಪಷ್ಟವಾಗಿ ಬರೆದಿಟ್ಟ. 1841ರಲ್ಲಿ ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ ಇವೆರಡೂ ಬೇರೆ ಬೇರೆ ಎಂದು ಖಚಿತವಾಗಿ ಹೇಳಿದ. ಅದರಿಂದ ಎಷ್ಟೋ ಜನ ಬಹಿಷ್ಕಾರದಿಂದ ಪಾರಾದರು. ಆದರೆ ಕುಷ್ಠರೋಗದ ಚಿಕಿತ್ಸೆಯಲ್ಲಿ ಬೆಳೆದುಬಂದ ಒಂದು ಒಳ್ಳೆಯ ರೂಢಿ ಸೋರಿಯಾಸಿಸ್‌ಗೆ ದಕ್ಕಲಿಲ್ಲ. ಮಿರಜಿನ ರಿಚರ್ಡ್‌ಸನ್ ಆಸ್ಪತ್ರೆಯಿಂದಾಗಿ ಕುಷ್ಠರೋಗದ ಆರೈಕೆ ಎಂದರೇನೆಂಬುದು ಈ ಭಾಗಕ್ಕೆ ಹೊಸದಲ್ಲ. ಆ ರೋಗದಿಂದ ಆದ ಊನವನ್ನು ಅಳೆಯುವಾಗ ವಿಶ್ವ ಆರೋಗ್ಯ ಸಂಸ್ಥೆಯ ಪದ್ಧತಿ ಕೈ, ಕಾಲುಗಳ ಜೊತೆಗೆ ಕಣ್ಣನ್ನೂ ನೋಡಲೇಬೇಕೆನ್ನುತ್ತದೆ: ರೆಪ್ಪೆ ಪೂರ್ತಿ ಮುಚ್ಚುತ್ತದೆಯೇ, ದೃಷ್ಟಿ ಎಷ್ಟಿದೆ. ಸಕ್ಕರೆ ಕಾಯಿಲೆಯವರಿಗೆ ವರ್ಷಕ್ಕೊಮ್ಮೆ ಅಕ್ಷಿಪಟ ತೋರಿಸಿಕೊಳ್ಳಿ ಎನ್ನುವುದು ಈಗ ಹಳ್ಳಿಗಳಲ್ಲೂ ಗೊತ್ತು. ಸೋರಿಯಾಸಿಸ್‌ಗೆ ಮಾತ್ರ ಅಂಥ ರೂಢಿ ಬೀಳಲಿಲ್ಲ. ಮುಲಾಮು ಬರೆದರು, ಹಚ್ಚಿಕೊಂಡರು, ಕಡಿಮೆಯಾಯಿತು, ಮತ್ತೆ ಬಂತು ಎಂಬಲ್ಲಿಗೆ ಮಾತು ಮುಗಿಯಿತು.

ಕಣ್ಣಿಗೆ ಏನಾಗುತ್ತದೆ ಎಂಬುದನ್ನು ಹೊರಗಿನಿಂದ ಒಳಕ್ಕೆ ನೋಡುತ್ತ ಹೋಗಬಹುದು. ಹೊರಗೆ ರೆಪ್ಪೆ. ದೇಹದ ಚರ್ಮದಲ್ಲೆಲ್ಲ ತೀರ ತೆಳುವಾದದ್ದು ರೆಪ್ಪೆಯದು, ಸುಮಾರು ಅರ್ಧ ಮಿಲಿಮೀಟರ್. ಅಲ್ಲಿ ಕಲೆ ಎದ್ದರೆ ಅಂಚು ಕೆಂಪಗಾಗಿ ಬಾತು, ಹೊಟ್ಟು ರೆಪ್ಪೆಗೂದಲಿನ ಬುಡಕ್ಕೆ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಎದ್ದಾಗ ಕಣ್ಣು ಅಂಟಿರುತ್ತದೆ, ಮರಳು ಬಿದ್ದಂತೆ ಚುಚ್ಚುತ್ತದೆ. ಬಹಳ ದಿನ ಹಾಗೇ ಬಿಟ್ಟರೆ ಕೂದಲು ಉದುರುವುದು, ಇಲ್ಲವೇ ಒಳಮುಖವಾಗಿ ತಿರುಗಿ ಕಣ್ಣುಗುಡ್ಡೆಯನ್ನೇ ಉಜ್ಜುವುದು. ರೆಪ್ಪೆಯಂಚಿನಲ್ಲಿ ಎಣ್ಣೆಯಂಥ ದ್ರವ ಒಸರುವ ಗ್ರಂಥಿಗಳ ಸಾಲೊಂದಿದೆ. ಅದು ಮುಚ್ಚಿದರೆ ಕಣ್ಣೀರು ಬೇಗ ಆರಿಹೋಗಿ ಕಣ್ಣು ಒಣಗುತ್ತದೆ. ಇಲ್ಲಿ ಇಚಲಕರಂಜಿಯ ಮಾತು ಬರುತ್ತದೆ. 1904ರಲ್ಲಿ ಮೊದಲ ಪವರ್‌ಲೂಮ್ ಬಂದ ಆ ಊರಿನಲ್ಲಿ ಇಂದು ಕನ್ನಡ ಮಾತಾಡುವ ಎಷ್ಟೋ ಕುಟುಂಬಗಳು ಮಗ್ಗದ ದುಡಿಮೆಯಿಂದ ಬದುಕಿವೆ. ಹತ್ತಿಯ ಜುಂಗು ಹಾರುವ ಶೆಡ್ಡಿನಲ್ಲಿ ರಾತ್ರಿಪಾಳಿ ಮಾಡುವವರ ಕಣ್ಣು, ಸೋರಿಯಾಸಿಸ್ ಇರಲಿ ಬಿಡಲಿ, ಉರಿಯುವುದೇ. ಹಾಗಾಗಿ ಅಲ್ಲಿ ಕಣ್ಣುರಿ ಎಂಬುದು ದೂರಿಗೇ ಬರುವುದಿಲ್ಲ, ದುಡಿಮೆಯ ಭಾಗ ಎಂದುಕೊಂಡು ಎಲ್ಲರೂ ಉಜ್ಜಿಕೊಳ್ಳುತ್ತಾರೆ. ಸೋರಿಯಾಸಿಸ್ ಇದ್ದವರಿಗೆ ಈ ಉಜ್ಜುವುದೇ ಕೇಡು. ಗೀರಿದ, ಉಜ್ಜಿದ, ಗಾಯವಾದ ಜಾಗದಲ್ಲೇ ಹೊಸ ಕಲೆ ಏಳುವುದು ಈ ಕಾಯಿಲೆಯ ಗುಣ. 19ನೇ ಶತಮಾನದ ಜರ್ಮನ್ ವೈದ್ಯ ಕೋಬ್ನರ್ ಅದನ್ನು ಮೊದಲು ಗುರುತಿಸಿದ. ಕಬ್ಬು ಕಡಿಯುವವರ ಮುಂಗೈಯಲ್ಲಿ ಸೋಗೆ ಗೀರಿದ ಗೆರೆಯುದ್ದಕ್ಕೂ ಕಲೆ ಮೂಡುವುದಕ್ಕೆ ಇದೇ ಕಾರಣ.

ಈ ಹೊರಗಿನ ತೊಂದರೆಗೆ ಪರಿಹಾರ ಸುಲಭ, ಅಗ್ಗ. ಸ್ವಚ್ಛವಾದ ಅರಿವೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ರೆಪ್ಪೆಯ ಮೇಲೆ ಐದು-ಹತ್ತು ನಿಮಿಷ ಇಟ್ಟುಕೊಳ್ಳುವುದು; ಆಮೇಲೆ ರೆಪ್ಪೆಗೂದಲ ಬುಡವನ್ನು ಮೆಲ್ಲಗೆ ಒರೆಸುವುದು; ಡಾಕ್ಟರು ಹೇಳಿದರೆ ಕೃತಕ ಕಣ್ಣೀರಿನ ಡ್ರಾಪ್ಸ್ ಹಾಕಿಕೊಳ್ಳುವುದು. ದಿನವೂ ಮಾಡಬೇಕು, ಅದೊಂದೇ ಕಷ್ಟ.

ಕಷ್ಟದ ಮಾತು ಒಳಗಿನದು. ಕಣ್ಣುಗುಡ್ಡೆಯ ಬಿಳಿಯ ಗೋಡೆಗೂ ಒಳಗಿನ ಅಕ್ಷಿಪಟಕ್ಕೂ ನಡುವೆ ರಕ್ತನಾಳಗಳು ತುಂಬಿದ ಒಂದು ಪದರವಿದೆ, ಯುವಿಯಾ ಎಂದು ಅದರ ಹೆಸರು. ಪಾಪೆಯ ಸುತ್ತ ಕಾಣುವ ಕಂದು ಬಳೆ ಈ ಪದರದ ಮುಂಭಾಗ. ಇದು ಉರಿಯೂತಕ್ಕೆ ಸಿಕ್ಕರೆ ಯುವಿಯೈಟಿಸ್. ಆಗ ಕಣ್ಣೊಳಗಿನ ತಿಳಿನೀರಿನಲ್ಲಿ ಬಿಳಿರಕ್ತಕಣಗಳು ತೇಲಾಡುತ್ತವೆ, ನೀರು ಮಬ್ಬಾಗುತ್ತದೆ. ಕಂದು ಬಳೆ ಹಿಂದಿರುವ ಮಸೂರಕ್ಕೆ ಅಂಟಿಕೊಂಡರೆ ಪಾಪೆ ದುಂಡಗಿರದೆ ಸೊಟ್ಟಗಾಗುತ್ತದೆ. ಬಿಟ್ಟರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು, ಅಕ್ಷಿಪಟದ ನಡುಭಾಗ ನೀರು ತುಂಬಿ ಊದಬಹುದು. ಎಷ್ಟು ಜನಕ್ಕೆ ಹೀಗಾಗುತ್ತದೆ? 1976ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಿಂದ ಪ್ರಕಟವಾದ ಒಂದು ಅಧ್ಯಯನ ಇವತ್ತಿಗೂ ಉಲ್ಲೇಖವಾಗುತ್ತದೆ. ಸೋರಿಯಾಸಿಸ್ ಜೊತೆಗೆ ಕೀಲುನೋವೂ ಇದ್ದ 112 ಮಂದಿಯ ಕಣ್ಣನ್ನು ಲ್ಯಾಂಬರ್ಟ್ ಮತ್ತು ರೈಟ್ ಪರೀಕ್ಷಿಸಿದರು. ನೂರಕ್ಕೆ ಸುಮಾರು ಮೂವತ್ತೊಂದು ಮಂದಿಯ ಕಣ್ಣಿನಲ್ಲಿ ಒಂದಲ್ಲ ಒಂದು ಉರಿಯೂತವಿತ್ತು. ಅದರಲ್ಲಿ ಹೆಚ್ಚಿನದು ಮೇಲ್ಪದರದ್ದು. ಒಳಪದರದ್ದು ನೂರಕ್ಕೆ ಏಳರಷ್ಟು. 2015ರಲ್ಲಿ ಡೆನ್ಮಾರ್ಕಿನ ಸಂಶೋಧಕರು ತಮ್ಮ ಇಡೀ ದೇಶದ ಆರೋಗ್ಯ ದಾಖಲೆಗಳನ್ನು ಜೋಡಿಸಿ ನೋಡಿದಾಗ ಸಂಬಂಧ ಎರಡೂ ದಿಕ್ಕಿಗಿತ್ತು: ಸೋರಿಯಾಸಿಸ್ ಇದ್ದವರಿಗೆ ಯುವಿಯೈಟಿಸ್ ಬರುವ ಸಾಧ್ಯತೆ ಹೆಚ್ಚು, ಯುವಿಯೈಟಿಸ್ ಬಂದವರಿಗೆ ಮುಂದೆ ಸೋರಿಯಾಸಿಸ್ ಬರುವ ಸಾಧ್ಯತೆಯೂ ಹೆಚ್ಚು. ಚರ್ಮದ ಕಾಯಿಲೆ ತೀವ್ರವಾಗಿದ್ದರೆ, ಕೀಲೂ ಸೇರಿಕೊಂಡರೆ, ಆ ಸಾಧ್ಯತೆ ಇನ್ನಷ್ಟು ಏರುತ್ತದೆ.

ಇಲ್ಲಿಗೆ ಮೊದಲ ಆಕ್ಷೇಪ ಎದ್ದು ನಿಲ್ಲುತ್ತದೆ. ಸಾಧ್ಯತೆ ಹೆಚ್ಚು ಎಂದರೂ ಆ ಡ್ಯಾನಿಷ್ ಲೆಕ್ಕದಲ್ಲೇ ಅದು ವರ್ಷಕ್ಕೆ ಹತ್ತು ಸಾವಿರ ಜನರಲ್ಲಿ ಕೆಲವರಿಗೆ ಮಾತ್ರ. ಮೊದಲೇ ಮದುವೆ, ಕೆಲಸ, ಬಂಧುಬಳಗ ಎಂದು ನೂರು ಚಿಂತೆ ಹೊತ್ತಿರುವ ಸೋರಿಯಾಸಿಸ್ ರೋಗಿಗೆ ಕಣ್ಣು ಹೋದೀತು ಎಂಬ ಇನ್ನೊಂದು ಭಯವನ್ನು ಏಕೆ ಹೊರಿಸಬೇಕು? ಆಕ್ಷೇಪ ಸರಿಯಾದದ್ದೇ. ಸೋರಿಯಾಸಿಸ್ ಇದ್ದವರಲ್ಲಿ ಬಹುಪಾಲು ಜನ ಜನ್ಮದಲ್ಲಿ ಒಮ್ಮೆಯೂ ಯುವಿಯೈಟಿಸ್ ಕಾಣುವುದಿಲ್ಲ, ಇದನ್ನು ಗಟ್ಟಿಯಾಗಿಯೇ ಹೇಳಬೇಕು. ಅದಕ್ಕೇ ನಾನು ಎಲ್ಲರೂ ಪ್ರತಿ ಆರು ತಿಂಗಳಿಗೆ ಕಣ್ಣಿನ ತಪಾಸಣೆಗೆ ಓಡಬೇಕು ಎನ್ನುತ್ತಿಲ್ಲ. ನಾನು ಕೇಳುವುದು, ಕಣ್ಣು ಕೆಂಪಾದ ದಿನ ಆ ಒಂದು ಕೆಂಪನ್ನು ಬೇರೆಯವರ ಕೆಂಪಿನ ಲೆಕ್ಕಕ್ಕೆ ಸೇರಿಸಬೇಡಿ ಎಂದಷ್ಟೆ. 2023ರ ಮಳೆಗಾಲದಲ್ಲಿ ಮಹಾರಾಷ್ಟ್ರ, ಕರ್ನಾಟಕ ಎರಡೂ ಕಡೆ ಕಣ್ಣುಬೇನೆ ಮನೆಮನೆಗೆ ಹಬ್ಬಿತ್ತಲ್ಲ, ಅಂಥ ಕಾಲದಲ್ಲಿ ಯಾರ ಕಣ್ಣು ಕೆಂಪಾದರೂ 'ಕಣ್ಣು ಬಂದಿದೆ' ಎಂದೇ ತೀರ್ಮಾನ. ಆದರೆ ಕಣ್ಣು ಬಂದಾಗ ಪಿಚ್ಚು ಇರುತ್ತದೆ, ತುರಿಕೆ ಇರುತ್ತದೆ, ರೆಪ್ಪೆ ಅಂಟುತ್ತದೆ, ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಪಿಚ್ಚು ಒರೆಸಿದರೆ ನೋಟ ಮೊದಲಿನಂತೆ ಕಾಣುತ್ತದೆ. ಯುವಿಯೈಟಿಸ್‌ನಲ್ಲಿ ಪಿಚ್ಚು ಇರುವುದಿಲ್ಲ. ಕೆಂಪು ಕಂದು ಬಳೆಯ ಸುತ್ತ ಹೆಚ್ಚು ದಟ್ಟವಾಗಿರುತ್ತದೆ, ಒಳಗಿನಿಂದ ಗುದ್ದಿದಂಥ ನೋವು, ಬಿಸಿಲಿಗೆ ಬಂದರೆ ಕಣ್ಣು ತೆರೆಯಲಾಗದು, ನೋಟ ಮಂಜು. ಇನ್ನೊಂದು ಕಿರಿಕಿರಿಯ ಸಂಗತಿ ಎಂದರೆ, ಬೆನ್ನುಮೂಳೆ ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಕಾಯಿಲೆಯಲ್ಲಿ ಯುವಿಯೈಟಿಸ್ ಸಾಮಾನ್ಯವಾಗಿ ಒಂದೇ ಕಣ್ಣಿಗೆ, ಥಟ್ಟನೆ, ಜೋರಾಗಿ ಬಂದು ಎಚ್ಚರಿಸುತ್ತದೆ. ಸೋರಿಯಾಸಿಸ್ ಕೀಲುಬೇನೆಯವರಲ್ಲಿ ಅದು ಸದ್ದಿಲ್ಲದೆ, ಎರಡೂ ಕಣ್ಣಿಗೆ, ಹಿಂಭಾಗಕ್ಕೂ ಹಬ್ಬಿಕೊಂಡು ಬರುವುದು ಹೆಚ್ಚು. ಹಾಗಾಗಿ ನೋವಿಲ್ಲದಿದ್ದರೂ, ವಾರಗಟ್ಟಲೆ ನೋಟ ಮಂಜಾಗುತ್ತಿದ್ದರೆ, ಕಣ್ಣ ಮುಂದೆ ಕಪ್ಪು ಚುಕ್ಕೆ ತೇಲುತ್ತಿದ್ದರೆ, ಚಾಳೀಸು ಬದಲಾಯಿಸಿದರೆ ಸರಿಹೋದೀತು ಎಂದು ಕೂರುವಂತಿಲ್ಲ.

ಈಗ ಮೆಡಿಕಲ್ ಅಂಗಡಿಗೆ ಬರೋಣ. ನನ್ನ ವಾದದ ಬಲ ಇರುವುದು ಇಲ್ಲೇ. ಗಡಹಿಂಗ್ಲಜ ತಾಲೂಕಿನ ನೂಲ, ಹಲಕರ್ಣಿ, ಬಸರ್ಗಿ ಕಡೆಯ ಹೊಲಗಳಾಗಲಿ, ಪಂಚಗಂಗೆಯ ದಂಡೆಯ ಹೊಲಗಳಾಗಲಿ, ಇದು ಕಬ್ಬಿನ ಸೀಮೆ. ಕಬ್ಬಿನ ಸೋಗೆಯ ಅಂಚು ಗರಗಸದ ಹಾಗಿರುತ್ತದೆ. ರವದಿ ಬಿಚ್ಚುವಾಗ, ಕಡಿಯುವಾಗ ಅದು ಕಣ್ಣಿಗೆ ತಾಗಿದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಗೀರಿಹೋಗುತ್ತದೆ; ಆ ಗೀರಿನಲ್ಲಿ ಎಲೆಯ ಮೇಲಿನ ಶಿಲೀಂಧ್ರ ಬೇರೂರುತ್ತದೆ. ಎಲೆ, ಕಡ್ಡಿ, ಹೊಟ್ಟು ತಾಗಿ ಆಗುವ ಇಂಥ ಶಿಲೀಂಧ್ರದ ಹುಣ್ಣು ನಮ್ಮ ದೇಶದ ರೈತರ ಕಣ್ಣು ಕಳೆಯುವ ದೊಡ್ಡ ಕಾರಣಗಳಲ್ಲಿ ಒಂದು. ಅಂದರೆ ಕಬ್ಬಿನ ಹೊಲದಲ್ಲಿ ದುಡಿಯುವ, ಸೋರಿಯಾಸಿಸ್ ಇರುವ ಒಬ್ಬರ ಕಣ್ಣು ಕೆಂಪಾಗಿದ್ದರೆ ಅದು ಬರಿಯ ಕಣ್ಣುಬೇನೆ ಇರಬಹುದು, ಸೋಗೆ ತಾಗಿದ ಹುಣ್ಣಿರಬಹುದು, ಒಳಗಿನ ಯುವಿಯೈಟಿಸ್ ಇರಬಹುದು. ಕನ್ನಡಿಯಲ್ಲಿ ನೋಡಿದರೆ ಮೂರೂ ಕೆಂಪೇ. ಕೌಂಟರಿನ ಆಚೆಯಿಂದ ನೋಡಿದರಂತೂ ಗೊತ್ತಾಗುವುದೇ ಇಲ್ಲ. ಮೊದಲನೆಯದಕ್ಕೆ ಹೆಚ್ಚಿನ ವೇಳೆ ಔಷಧವೇ ಬೇಡ. ಮೂರನೆಯದಕ್ಕೆ ಸ್ಟೀರಾಯ್ಡ್ ಡ್ರಾಪ್ಸೇ ಮುಖ್ಯ ಮದ್ದು. ಎರಡನೆಯದಕ್ಕೆ ಅದೇ ಸ್ಟೀರಾಯ್ಡ್ ಬಿದ್ದರೆ ಎರಡು ದಿನ ಕೆಂಪು ಇಳಿದು ಹಾಯೆನಿಸುತ್ತದೆ, ಅದರ ಮರೆಯಲ್ಲಿ ತಡೆಯುವವರಿಲ್ಲದ ಶಿಲೀಂಧ್ರ ಕಾರ್ನಿಯಾವನ್ನು ತಿನ್ನುತ್ತ ಹೋಗಿ ತೂತನ್ನೇ ಮಾಡಬಹುದು. ಹರ್ಪಿಸ್ ವೈರಸ್ಸಿನ ಹುಣ್ಣಿನಲ್ಲೂ ಇದೇ ಕತೆ. ಈ ಮೂರನ್ನು ಬೇರ್ಪಡಿಸಲು ಸ್ಲಿಟ್ ಲ್ಯಾಂಪ್ ಬೇಕು: ಗಲ್ಲವನ್ನು ಒಂದು ಆಧಾರದ ಮೇಲಿಟ್ಟು, ತೆಳ್ಳನೆಯ ಬೆಳಕಿನ ಸೀಳನ್ನು ಕಣ್ಣಿಗೆ ಬಿಟ್ಟು ದೊಡ್ಡದು ಮಾಡಿ ನೋಡುವ ಯಂತ್ರ. ಹುಣ್ಣಿದ್ದರೆ ಹಳದಿ-ಕೇಸರಿ ಬಣ್ಣದ ಪಟ್ಟಿ ತಾಗಿಸಿದಾಗ ಅದು ಹಸಿರಾಗಿ ಹೊಳೆಯುತ್ತದೆ. ಯುವಿಯೈಟಿಸ್ ಇದ್ದರೆ ಆ ಬೆಳಕಿನ ಸೀಳಿನಲ್ಲಿ ಕಣಗಳು ಬಿಸಿಲುಕೋಲಿನ ಧೂಳಿನಂತೆ ತೇಲುವುದು ಕಾಣುತ್ತದೆ. ಪರೀಕ್ಷೆಗೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ, ನೋವೂ ಇಲ್ಲ.

ಆದರೂ ಒಬ್ಬರು ಕೇಳಬಹುದು: ಯುವಿಯೈಟಿಸ್‌ಗೆ ಡಾಕ್ಟರು ಕೊಡುವುದೂ ಸ್ಟೀರಾಯ್ಡೇ ತಾನೆ, ಅಂಗಡಿಯವ ಕೊಟ್ಟದ್ದೂ ಅದೇ, ನನಗೆ ಗುಣವೂ ಆಯಿತು, ತಪ್ಪೇನು? ಗುಣವಾದದ್ದು ನಿಜವೇ ಇರಬಹುದು. ಡಾಕ್ಟರು ಕೊಡುವಾಗ ಮೊದಲಿಗೆ ತಾಸಿಗೊಮ್ಮೆ ಹಾಕಿಸಿ, ವಾರಗಳ ಮೇಲೆ ನಿಧಾನವಾಗಿ ಇಳಿಸುತ್ತಾರೆ. ಜೊತೆಗೆ ಪಾಪೆಯನ್ನು ಹಿಗ್ಗಿಸುವ ಇನ್ನೊಂದು ಡ್ರಾಪ್ಸ್ ಕೊಡುತ್ತಾರೆ, ಒಳಗೆ ಅಂಟಿಕೊಳ್ಳದಿರಲೆಂದು. ನಡುನಡುವೆ ಒತ್ತಡ ಅಳೆಯುತ್ತಾರೆ. ಅಂಗಡಿಯ ಬಾಟಲಿಯಲ್ಲಿ ಈ ಮೂರೂ ಇಲ್ಲ. ಮೂರು ದಿನ ಹಾಕಿ, ಕೆಂಪು ಹೋಯಿತೆಂದು ಬಿಟ್ಟರೆ ಉರಿಯೂತ ಮತ್ತೆ ಏಳುತ್ತದೆ. ಮತ್ತೆ ಅದೇ ಬಾಟಲಿ. ಹೀಗೆ ತಿಂಗಳುಗಟ್ಟಲೆ ಹಾಕಿಕೊಂಡವರಿಗೆ ಕಾದಿರುವುದು ಗ್ಲಾಕೋಮಾ, ಮರಾಠಿಯವರು ಕಾಚಬಿಂದು ಎನ್ನುವುದು. 1960ರ ದಶಕದಲ್ಲೇ ಅಮೆರಿಕದ ಸಂಶೋಧಕರು ತೋರಿಸಿದ್ದರು: ಕೆಲವು ವಾರ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಕಣ್ಣಿನ ಒತ್ತಡ ತಕ್ಕಮಟ್ಟಿಗೆ ಏರುತ್ತದೆ, ನೂರರಲ್ಲಿ ಐದಾರು ಮಂದಿಗೆ ಅಪಾಯದ ಮಟ್ಟ ಮುಟ್ಟುತ್ತದೆ. ಆ ಐದಾರು ಮಂದಿ ಯಾರು ಎಂಬುದು ಅಳೆದು ನೋಡದೆ ತಿಳಿಯದು. ಈ ಒತ್ತಡಕ್ಕೆ ನೋವಿಲ್ಲ. ದೃಷ್ಟಿನರ ಅಂಚಿನಿಂದ ಒಣಗುತ್ತ ಬರುತ್ತದೆ, ನಡುವಿನ ನೋಟ ಕೊನೆಯವರೆಗೂ ಚೆನ್ನಾಗಿರುತ್ತದೆ. ಪೊರೆ ಬಂದರೆ ಆಪರೇಶನ್ ಮಾಡಿ ತೆಗೆಯಬಹುದು, ಒಣಗಿದ ನರಕ್ಕೆ ಚಿಕಿತ್ಸೆಯಿಲ್ಲ.

ಮುಲಾಮಿನದ್ದೂ ಇಂಥದೇ ಒಂದು ಕತೆ. ಮೊಣಕೈಗೆಂದು ಬರೆದುಕೊಟ್ಟ ಜೋರಿನ ಸ್ಟೀರಾಯ್ಡ್ ಟ್ಯೂಬು ಮನೆಯಲ್ಲಿರುತ್ತದೆ, ರೆಪ್ಪೆಯ ಮೇಲೆ ಕಲೆ ಎದ್ದಾಗ ಅದನ್ನೇ ಅಲ್ಲಿಗೂ ಹಚ್ಚುವುದು ಯಾರಿಗಾದರೂ ತೋಚುವ ದಾರಿ. ಮೊಣಕೈಯ ದಪ್ಪ ಚರ್ಮಕ್ಕೆ ಸರಿಹೋದ ಔಷಧ ಅರ್ಧ ಮಿಲಿಮೀಟರಿನ ರೆಪ್ಪೆಯನ್ನು ಇನ್ನೂ ತೆಳುವಾಗಿಸುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಕಣ್ಣಿಗೂ ಇಳಿದು ಒತ್ತಡ ಏರಿಸಬಹುದು, ಪೊರೆಯನ್ನೂ ತರಬಹುದು. ರೆಪ್ಪೆಗೆಂದೇ ಸೌಮ್ಯವಾದ ಸ್ಟೀರಾಯ್ಡನ್ನು ಕೆಲವೇ ದಿನ, ಅಥವಾ ಟ್ಯಾಕ್ರೋಲಿಮಸ್‌ನಂಥ ಸ್ಟೀರಾಯ್ಡ್ ಅಲ್ಲದ ಮುಲಾಮನ್ನು ಚರ್ಮದ ಡಾಕ್ಟರು ಕೊಡುತ್ತಾರೆ, ಕೇಳಿದರೆ. ಸ್ಟೀರಾಯ್ಡ್ ಮುಲಾಮುಗಳ ದುರ್ಬಳಕೆಯ ವಿರುದ್ಧ ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಕೂಗಿದ ಮೇಲೆ 2018ರಲ್ಲಿ ಕೇಂದ್ರ ಸರಕಾರ ಅಂಥ 14 ಔಷಧಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ಬಿಗಿ ಮಾಡಿತು. ಕಾನೂನು ಬಂತು. ಕೌಂಟರಿನ ರೂಢಿ ಅಷ್ಟು ಬೇಗ ಬದಲಾಗುವುದಿಲ್ಲ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಇಂಗ್ಲಿಷ್ ಔಷಧದ ಅಪಾಯವನ್ನು ಇಷ್ಟು ಹೇಳಿದಿರಲ್ಲ, ನಮ್ಮ ನಾಟಿ ಔಷಧವೇ ವಾಸಿ ಎನ್ನುವವರಿಗೂ ಒಂದು ಮಾತು. ಚರ್ಮದ ಕಲೆಗೆ ಬಾವಂಚಿ ಬೀಜ ಬಳಸುವುದು ನಮ್ಮಲ್ಲಿ ಬಹಳ ಹಳೆಯದು, ಅದರಲ್ಲಿ ಸತ್ವವೂ ಇದೆ. ಆ ಬೀಜದಲ್ಲಿರುವ ಸೋರಾಲೆನ್ ವರ್ಗದ ವಸ್ತುವನ್ನೇ ನುಂಗಿಸಿ, ಮೇಲೆ ನೇರಳಾತೀತ ಕಿರಣ ಬಿಡುವ ಚಿಕಿತ್ಸೆ ಸೋರಿಯಾಸಿಸ್‌ಗೆ ಕೆಲಸ ಮಾಡುತ್ತದೆಂದು 1974ರಲ್ಲಿ ಬಾಸ್ಟನ್ನಿನ ವೈದ್ಯರು ತೋರಿಸಿದರು, ಪುವಾ ಎಂಬ ಹೆಸರಿನಲ್ಲಿ ಅದು ಜಗತ್ತಿಗೆಲ್ಲ ಹಬ್ಬಿತು. ಆದರೆ ನುಂಗಿದ ಸೋರಾಲೆನ್ ಕಣ್ಣಿನ ಮಸೂರಕ್ಕೂ ಹೋಗುತ್ತದೆ. ಆ ಹೊತ್ತಿನಲ್ಲಿ ಬಿಸಿಲು ತಾಗಿದರೆ ಪೊರೆ ಬರುವ ಅಪಾಯವಿದೆಯೆಂದು ಪುವಾ ರೋಗಿಗಳಿಗೆ ಮಾತ್ರೆ ತೆಗೆದುಕೊಂಡ ಹೊತ್ತಿನಿಂದ ಇಡೀ ದಿನ ನೇರಳಾತೀತ ತಡೆಯುವ ಕನ್ನಡಕ ಹಾಕಿಸುತ್ತಾರೆ. ಬಾವಂಚಿ ಪುಡಿ ನುಂಗಿ ಹೊಲದ ಬಿಸಿಲಿಗೆ ಹೋಗುವವರಿಗೆ ಆ ಕನ್ನಡಕದ ಮಾತನ್ನು ಯಾರು ಹೇಳುತ್ತಾರೆ? ಇನ್ನು ಕೆಂಪು ಕಣ್ಣಿಗೆ ಜೇನು, ಎದೆಹಾಲು, ಸೊಪ್ಪಿನ ರಸ ಹಿಂಡುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರ್ನಿಯಾ ಗೀರಿದ್ದರೆ ಅವು ಸೋಂಕನ್ನು ಒಳಗೆ ಕರೆದುಕೊಳ್ಳುತ್ತವೆ, ಗೀರಿಲ್ಲದಿದ್ದರೆ ದಿನ ಕಳೆಯುತ್ತವೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಪಗಾರದ್ದು. ಗಡಹಿಂಗ್ಲಜದಿಂದ ಕೊಲ್ಹಾಪುರಕ್ಕಾಗಲಿ, ಸಂಕೇಶ್ವರದ ಮೇಲೆ ಬೆಳಗಾವಿಗಾಗಲಿ ಅರವತ್ತು-ಎಪ್ಪತ್ತು ಕಿಲೋಮೀಟರ್. ಒಂದು ದಿನ ಹೋಯಿತೆಂದರೆ ಆ ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. ಮೆಡಿಕಲ್ ಅಂಗಡಿಯಾದರೆ ಮೂಲೆಯಲ್ಲೇ ಇದೆ. ಈ ಲೆಕ್ಕವನ್ನು ಅಜ್ಞಾನ ಎನ್ನುವುದು ಅನ್ಯಾಯ. ಆದರೆ ಲೆಕ್ಕ ಅರ್ಧಕ್ಕೇ ನಿಂತಿದೆ ಎನ್ನಬಹುದು. ಕಣ್ಣಿನ ಮೊದಲ ಪರೀಕ್ಷೆಗೆ ಕೊಲ್ಹಾಪುರದವರೆಗೆ ಹೋಗಲೇಬೇಕೆಂದಿಲ್ಲ. ಗಡಹಿಂಗ್ಲಜದಲ್ಲಿ ಉಪಜಿಲ್ಲಾ ಆಸ್ಪತ್ರೆಯಿದೆ, ಇಚಲಕರಂಜಿಯಲ್ಲಿ ಐಜಿಎಂ ಆಸ್ಪತ್ರೆ ಇದೆ, ಎರಡೂ ಊರುಗಳಲ್ಲಿ ಖಾಸಗಿ ಕಣ್ಣಿನ ಡಾಕ್ಟರಿದ್ದಾರೆ. ದೊಡ್ಡ ಆಸ್ಪತ್ರೆಗೆ ಹೋಗಬೇಕೋ ಬೇಡವೋ ಎಂಬುದನ್ನು ಸ್ಲಿಟ್ ಲ್ಯಾಂಪಿನಲ್ಲಿ ನೋಡಿದ ಮೇಲೆ ಅವರು ಹೇಳುತ್ತಾರೆ. ಯುವಿಯೈಟಿಸ್ ಮೊದಲ ದಿನಗಳಲ್ಲೇ ಸಿಕ್ಕರೆ ಹೆಚ್ಚಿನವರಿಗೆ ಡ್ರಾಪ್ಸಿನಲ್ಲೇ ಹತೋಟಿಗೆ ಬರುತ್ತದೆ. ಒಳಗೆ ಅಂಟಿಕೊಂಡ ಮೇಲೆ ಹೋದರೆ ಹತ್ತಾರು ಸಲ ಓಡಾಟ. ಡಾಕ್ಟರಿಗೂ ಪುರುಸೊತ್ತಿಲ್ಲ, ಓಪಿಡಿಯಲ್ಲಿ ನೂರಾರು ಜನ ಎನ್ನುವ ಮಾತೂ ಬರುತ್ತದೆ, ನಿಜವೇ. ಕಣ್ಣು ಕೆಂಪಾಗಿತ್ತೇ, ಬೆಳಿಗ್ಗೆ ಬೆರಳು ಬಿಗಿದಿರುತ್ತವೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳಲು ಚರ್ಮದ ಡಾಕ್ಟರಿಗೆ ಅರ್ಧ ನಿಮಿಷ ಸಾಕು. ಮೊಣಕೈ ಮೇಲೇನಿದು ಎಂದು ಕಣ್ಣಿನ ಡಾಕ್ಟರು ಕೇಳಲು ಅಷ್ಟೂ ಬೇಡ. ಆದರೆ ತೋಳು ಮುಚ್ಚುವ ಅಂಗಿ ತೊಟ್ಟು, ಕಲೆ ಕಾಣದ ಹಾಗೆ ಬಂದ ರೋಗಿಯನ್ನು ಅವರಾದರೂ ಏನೆಂದು ಕೇಳಿಯಾರು? ಹೇಳುವ ಕೆಲಸ ಬಹುಮಟ್ಟಿಗೆ ರೋಗಿಯ ಪಾಲಿಗೇ ಬೀಳುತ್ತದೆ.

ಹೇಳಿದರೆ ಆಗುವ ಲಾಭ ಕಣ್ಣಿಗಷ್ಟೇ ಅಲ್ಲ, ಚರ್ಮದ ಔಷಧದ ಆಯ್ಕೆಯೇ ಬದಲಾದೀತು. ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ಮೆಥೊಟ್ರೆಕ್ಸೇಟ್ ಚರ್ಮ, ಕೀಲು, ಯುವಿಯೈಟಿಸ್ ಮೂರಕ್ಕೂ ಬಳಕೆಯಲ್ಲಿದೆ. ಅಸಿಟ್ರೆಟಿನ್ ಚರ್ಮಕ್ಕೆ ಒಳ್ಳೆಯದು, ಆದರೆ ಕಣ್ಣನ್ನು ಒಣಗಿಸುತ್ತದೆ. ಜುಂಗಿನ ಶೆಡ್ಡಿನಲ್ಲಿ ದುಡಿಯುವ, ಮೊದಲೇ ಕಣ್ಣೊಣಗಿದವರಿಗೆ ಬರೆಯುವ ಮುನ್ನ ಡಾಕ್ಟರು ಎರಡು ಸಲ ಯೋಚಿಸಿಯಾರು. ಬಯೋಲಾಜಿಕ್ಸ್ ಎಂಬ ದುಬಾರಿ ಇಂಜೆಕ್ಷನ್‌ಗಳಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಅಡಾಲಿಮುಮಾಬ್ ಸೋರಿಯಾಸಿಸ್‌ಗೂ ಆಗುತ್ತದೆ, ಯುವಿಯೈಟಿಸ್‌ಗೂ 2016ರಲ್ಲಿ ಅಮೆರಿಕದ ಔಷಧ ಇಲಾಖೆ ಒಪ್ಪಿಗೆ ಕೊಟ್ಟಿತು. ಅದೇ ಗುಂಪಿನ ಎಟಾನರ್ಸೆಪ್ಟ್ ಚರ್ಮ, ಕೀಲುಗಳಿಗೆ ಆದರೂ ಯುವಿಯೈಟಿಸ್ ತಡೆಯುವುದರಲ್ಲಿ ಹಿಂದೆ. ಕಣ್ಣಿನ ಇತಿಹಾಸ ಗೊತ್ತಿದ್ದವರು ಮೊದಲನೆಯದನ್ನು ಆರಿಸುತ್ತಾರೆ, ಗೊತ್ತಿಲ್ಲದವರಿಗೆ ಎರಡೂ ಒಂದೇ.

ಮಹಾರಾಷ್ಟ್ರ-ಕರ್ನಾಟಕ ಗಡಿಯ ಕೇಳುಗರಿಗೆ ಇನ್ನೊಂದು ತೊಡಕೂ ಇದೆ. ಮನೆಯಲ್ಲಿ ಕನ್ನಡ, ಓಪಿಡಿಯಲ್ಲಿ ಮರಾಠಿ. ನೋವನ್ನು ಇನ್ನೊಂದು ಭಾಷೆಯಲ್ಲಿ ಹೇಳುವಾಗ ಜನ 'ಕಣ್ಣು ಕೆಂಪಾಗಿದೆ' ಎಂಬಲ್ಲಿಗೆ ನಿಲ್ಲಿಸಿಬಿಡುತ್ತಾರೆ, ಬೆಳಕು ಸಹಿಸಲಾಗದು ಎಂಬ ಮುಖ್ಯ ಮಾತು ಉಳಿದುಹೋಗುತ್ತದೆ. 'ಉಜೇಡ ಸಹನ ಹೋತ ನಾಹೀ, ಧೂಸರ ದಿಸತಂಯ, ಸೋರಿಯಾಸಿಸ್ ಆಹೆ' ಎಂದರೆ ಅಲ್ಲಿಯ ಡಾಕ್ಟರಿಗೆ ಬೇಕಾದದ್ದೆಲ್ಲ ಸಿಕ್ಕಿತು. ಬೆಳಗಾವಿ ಕಡೆ ಹೋದವರು 'ಬೆಳಕಿಗೆ ಕಣ್ಣು ತೆರೆಯಲಾಗುತ್ತಿಲ್ಲ, ಮಂಜು ಕಾಣುತ್ತದೆ, ಸೋರಿಯಾಸಿಸ್ ಇದೆ' ಎನ್ನಿ. ಜೊತೆಗೆ ಚರ್ಮದ ಡಾಕ್ಟರ ಕೇಸ್ ಪೇಪರು, ಹಚ್ಚುತ್ತಿರುವ ಟ್ಯೂಬು, ಈಗಾಗಲೇ ಯಾವುದಾದರೂ ಡ್ರಾಪ್ಸ್ ಹಾಕಿಕೊಂಡಿದ್ದರೆ ಅದರ ಬಾಟಲಿ, ಖಾಲಿಯಾಗಿದ್ದರೂ ಸರಿ, ಚೀಲದಲ್ಲಿರಲಿ. ಬಾಟಲಿಯ ಮೇಲಿನ ಹೆಸರಿನ ಕೊನೆಗೆ 'ಸೋನ್' ಅಥವಾ 'ಲೋನ್' ಎಂದಿದ್ದರೆ ಅದು ಹೆಚ್ಚಾಗಿ ಸ್ಟೀರಾಯ್ಡು, ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್ ಇದ್ದ ಹಾಗೆ. ಅದನ್ನು ಎಷ್ಟು ದಿನದಿಂದ ಹಾಕುತ್ತಿದ್ದೀರಿ ಎಂದು ಕೇಳಿದಾಗ ಸಂಕೋಚಪಟ್ಟು ಕಡಿಮೆ ಹೇಳಬೇಡಿ, ಕಣ್ಣಿನ ಒತ್ತಡ ಅಳೆಯಬೇಕೋ ಬೇಡವೋ ಎಂಬುದು ಆ ಉತ್ತರದ ಮೇಲೆಯೇ ನಿಂತಿದೆ.